ಕಾಕಾನ 38 ಕ್ಯಾಸೆಟ್ ಒಂದ ಡಬ್ಬಿಗೆ ಬಂದದ್ದು: ನನ್ನ ಅನುಭವ

ನಮ್ಮ ಕಾಕಾ ಗುಳೇದಗುಡ್ಡದಾಗ ಖಣ (ಕುಪ್ಪಸದ ಬಟ್ಟಿ) ನೇಯ್ತಿದ್ದ, ಈಗ ಕಣ್ಣು ಮಂಜಾಗಿ ಬಿಟ್ಟಾನ. ಪದಾ ತಾನ ಬರೀತಾನ, ಧಾಟಿ ತಾನ ಕೂಡಿಸ್ತಾನ, ತಾನ ಹಾಡ್ತಾನ. ಭಜನಿ ಮ್ಯಾಳದಾಗ ಹಾಡೋ ಹಳೇ ತತ್ವಪದ ಅಲ್ಲ ಮತ್ತ, ಇವನ ಸ್ವಂತವು, ಸಾಲ ತಂದದ್ದು, ನೂಲಿನ ರೇಟು ಏರಿದ್ದು, ಮಗಳನ್ನ ಕಳಿಸಿಕೊಟ್ಟದ್ದು ಎಲ್ಲಾ ಅದರಾಗ ಬರ್ತಾವು. 1984ರಿಂದ ಟೇಪ್‌ರೆಕಾರ್ಡರ್ ಮುಂದಿಟ್ಟುಕೊಂಡು ತುಂಬಿದ 38 ಕ್ಯಾಸೆಟ್ ಟ್ರಂಕಿನಾಗ ಬಿದ್ದಿದ್ವು.

ಇವನ್ನೆಲ್ಲಾ ಕಂಪ್ಯೂಟರಿಗೆ ಇಳಿಸಿ ಒಂದ ಡಬ್ಬಿ ಮಾಡಬೇಕು ಅನಿಸಿದ್ದು ಅಮೆರಿಕಾದ ಹಾಡುಗಾರ ಬಿಲ್ ವಿದರ್ಸನ ಬಾಕ್ಸ್ ಸೆಟ್ (ಆಲ್ಬಮ್ ಎಲ್ಲಾ ಕೂಡಿಸಿದ ಡಬ್ಬಿ) ಕೇಳಿದ ಮ್ಯಾಲೆ. 2012ರಾಗ ಬಂದದ್ದು, 9 ಆಲ್ಬಮ್ಮು, 1971ರ ಮೊದಲನೇದರಿಂದ 1985ರ ಕೊನೇದರ ತನಕ. ಅಂವಾ ಹಾಡೋಕಿಂತ ಮೊದಲ ವಿಮಾನದ ಸಂಡಾಸ್ ಸೀಟು ಮಾಡೋ ಫ್ಯಾಕ್ಟರಿಯಾಗ ದುಡೀತಿದ್ದ, ಮೊದಲನೇ ಆಲ್ಬಮ್ಮಿನ ಕವರಿನ ಮ್ಯಾಲೆ ಊಟದ ಡಬ್ಬಿ ಹಿಡಕೊಂಡ ನಿಂತಾನ. ಆ ಫೋಟೋ ನೋಡಿದ ಕೂಡಲೇ ನನಗ ಲಾಳಿ ಹಿಡಕೊಂಡ ಕಾಕಾ ಕಂಡ. ಒಂದರ ಹಿಂದ ಒಂದು ವರ್ಷದ ಪ್ರಕಾರ ಕೇಳಿದ್ರ ದನಿ ಹೆಂಗ ಹಣ್ಣಾಗ್ತದ ಅನ್ನೋದು ಗೊತ್ತಾಗ್ತೈತಿ, ಬಿಡಿ ಬಿಡಿ ಹಾಡು ಕೇಳಿದ್ರ ಅದು ಸಿಗಂಗಿಲ್ಲ.

ಕೆಲಸದ ಮಾತಿಗೆ ಬರ್ತೀನಿ. 26 ಕ್ಯಾಸೆಟ್ ಒಂದ ತಾಸಿನವು, 12 ಒಂದೂವರೆ ತಾಸಿನವು, ಅಂದ್ರ 44 ತಾಸು, ಮತ್ತ ಇದರಾಗ ಶಾರ್ಟ್‌ಕಟ್ ಇಲ್ಲ, ಎಷ್ಟು ತಾಸು ಐತೋ ಅಷ್ಟು ತಾಸು ಕುಂಡ್ರಬೇಕು. ಒಂದೂವರೆ ತಾಸಿನ ಟೇಪು ತೆಳ್ಳಗಿರ್ತೈತಿ, ಸಿಗೇ ಬೀಳೋದೂ ಅದ. ಬಾಗಲಕೋಟಿಯಾಗ ಒಂದು ಹಳೇ ಕ್ಯಾಸೆಟ್ ಡೆಕ್ ಸಿಕ್ತು, ಬೆಲ್ಟ್ ಬದಲಿ ಮಾಡಿಸಿದೆ, ಟೇಪ್ ಓದೋ ಹೆಡ್ಡನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಪ್ರತಿ ಕ್ಯಾಸೆಟ್ಟಿಗೂ ಒರೆಸಿದೆ. ಮೊದಲನೇ ನಾಲ್ಕು ಕ್ಯಾಸೆಟ್ ದನಿ ಕಂಬಳಿ ಹೊಚ್ಚಿಕೊಂಡು ಹಾಡಿದಂಗ ಬಂತು. ಟೇಪ ಹಾಳಾಗ್ಯಾವ ಅಂತ ತಿಳದು ಎರಡು ದಿನ ಬೇಜಾರಾಗಿ ಕುಂತೆ, ಆಮ್ಯಾಲೆ ಹೆಡ್ಡಿನ ಬಾಜೂಕಿನ ಸಣ್ಣ ಸ್ಕ್ರೂ ಒಂದೀಟ ತಿರುವಿದೆ ನೋಡ್ರಿ, ಕಾಕಾ ಅನ್ನೋ 'ಸ' 'ಶ' ಚಿಲ್ ಅಂತ ಬಿಡಿಸಿ ಬಂದ್ವು. ಹೆಡ್ಡು ಟೇಪಿಗೆ ನೆಟ್ಟಗ ನಿಲ್ಲಬೇಕು ಅಷ್ಟ, ಒಂದೊಂದು ಕ್ಯಾಸೆಟ್ಟಿಗೆ ಒಂದೊಂದು ನಮೂನಿ ತಿರುವಬೇಕಾತು. ಕೆಲವಕ್ಕ ಒಳಗಿನ ಸಣ್ಣ ಬಟ್ಟಿ ಪ್ಯಾಡ್ ಉದುರಿತ್ತು, ಅಂಥವುಗಳ ಟೇಪನ್ನ ಖಾಲಿ ಕ್ಯಾಸೆಟ್ ಬಿಚ್ಚಿ ಅದರ ಕವಚದೊಳಗ ಕೂಡಿಸಿದೆ. ಕಂಪ್ಯೂಟರಿನಾಗ ಅಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್, 24 ಬಿಟ್, 48 ಕಿಲೋಹರ್ಟ್ಸ್, ಸ್ಟೀರಿಯೋ ಇಟ್ರ ತಾಸಿಗೆ ಸುಮಾರು 1 ಜಿಬಿ.

ಖರೇ ತಲಿನೋವು ಸ್ಪೀಡಿಂದು. ಕರೆಂಟ್ ಹೋದಾಗ ಕಾಕಾ ಸೆಲ್ ಹಾಕಿ ರೆಕಾರ್ಡ್ ಮಾಡ್ತಿದ್ದ, ಸೆಲ್ ಇಳಿದಂಗ ಮೋಟರ್ ನಿಧಾನ ಆಗ್ತಿತ್ತು, ಅದನ್ನ ಈಗ ಬರೋಬ್ಬರಿ ಸ್ಪೀಡಿನಾಗ ಹಚ್ಚಿದ್ರ ಕಾಕಾ ಹುಡುಗೂರಂಗ ಕೀಚಲು ದನೀಲೆ ಹಾಡ್ತಾನ. ಕರೆಂಟಿನ ಮ್ಯಾಲೆ ಮಾಡಿದ್ವು ಸುಲಭ, ಅವುಗಳ ತಳದಾಗ 'ಗುಂ' ಅನ್ನೋ 50 ಹರ್ಟ್ಸಿನ ಸಪ್ಪಳ ಇರ್ತೈತಿ, ಗ್ರಾಫಿನಾಗ ಅದು 50ಕ್ಕ ಬಂತಂದ್ರ ಸ್ಪೀಡ್ ಸರಿ ಐತಿ ಅಂತ. ಸೆಲ್ಲಿನವಕ್ಕ ಆ ಗುರ್ತಿಲ್ಲ. ಕಡೀಕ ಕಾಕಾನ ಹಾರ್ಮೋನಿಯಂ ಪೆಟಗಿನ ತಂದು ಪಕ್ಕಕ್ಕಿಟ್ಟುಕೊಂಡೆ. ಅಂವಾ ಯಾವತ್ತೂ ಕಾಳಿ ಒಂದರಾಗ, ಅಂದ್ರ ಪೆಟಗಿಯ ಮೊದಲನೇ ಕರೀ ಪಟ್ಟಿಯ ಶ್ರುತಿಯಾಗ, ಹಾಡಾಂವ, ಪೆಟಗಿನೂ ಅದ ಹಳೇದು. ಒಂದು ಕ್ಯಾಸೆಟ್ ಕಾಳಿ ಎರಡರಾಗ ಬರಾಕತ್ತಿತ್ತು, ಸುಮಾರು ಶೇ. 11 ನಿಧಾನ ಮಾಡಿದ ಮ್ಯಾಲೆ ಕಾಕಾನ ದನಿ ವಾಪಸ್ ಬಂತು.

ಆಮ್ಯಾಲೆ ಒಂದು ಶಾಣೇತನ ಮಾಡಾಕ ಹೋದೆ. ಬಹಳಷ್ಟು ಪದಾ ಮಗ್ಗದ ಮನ್ಯಾಗ ರೆಕಾರ್ಡ್ ಆದವು, ಇವನ ಮಗ್ಗ ನಿಂತಿದ್ರೂ ಬಾಜೂ ಮನಿ ಮಗ್ಗ ಟಕ್ ಟಕ್ ಅಂತಿರ್ತೈತಿ. ನಾಯ್ಸ್ ರಿಡಕ್ಷನ್ ಹಚ್ಚಿ ಸ್ವಚ್ಛ ಮಾಡಿ, ಕಾಕಾಗ ಹೆಡ್‌ಫೋನ್ ಹಾಕಿ ಕೇಳಿಸಿದೆ. ಎರಡು ನಿಮಿಷ ಕೇಳಿದ, ಹೆಡ್‌ಫೋನ್ ತಗದ ಕೈಯಾಗ ಹಿಡಕೊಂಡ.

"ತಮ್ಮಾ, ಮಗ್ಗ ಎಲ್ಲಿ ಹೋತೋ?"

"ಅದು ಗದ್ದಲ ಆಗ್ತಿತ್ತು ಕಾಕಾ, ತಗದೇನಿ."

"ನಾ ಅದರ ತಾಳಕ್ಕ ಹಾಡೇನಲೋ."

ಮತ್ತ ಹಚ್ಚಿ ಕೇಳಿದೆ, ಖರೇನ, ಬಾಜೂ ಮನಿ ಮಗ್ಗದ ಟಕ್ ಟಕ್‌ಗೆ ಸರಿಯಾಗಿ ಸಮ್ (ತಾಳದ ಮೊದಲ ಪೆಟ್ಟು) ಬೀಳ್ತಿತ್ತು. ಅಲ್ಲದ ನಾಯ್ಸ್ ರಿಡಕ್ಷನ್ನಿನಾಗ ಉಸಿರೂ ಹೋಗಿತ್ತು, ದನಿ ನೀರಾಗಿನಿಂದ ಬಂದಂಗ ಆಗಿತ್ತು. ಆರು ದಿನದ ಕೆಲಸ ಅಳಿಸಿ ಮೊದಲಿನ ಫೈಲಿಗೆ ಹೋದೆ. ಒರಿಜಿನಲ್ ಫೈಲ್ ಇಟ್ಟಿದ್ದಕ್ಕ ಬದುಕಿದೆ, ನೀವು ಮಾಡೋದಿದ್ರ ಅದನ್ನ ಮುಟ್ಟಬ್ಯಾಡ್ರಿ, ಕಾಪಿ ಮ್ಯಾಲೆ ಏನ ಬೇಕಾದ್ದು ಮಾಡ್ರಿ.

ವರ್ಷ ಹೊಂದಿಸಿದ್ದು ಕಾಕೂ. ಕಾಕಾಗ ಒಂದು ಇಸವೀನೂ ನೆನಪಿಲ್ಲ, ಆಕಿ ಹಿಂದಿನಿಂದ ಕೂಸು ಅಳೋದು ಕೇಳಿ "ಇದು ದೊಡ್ಡಾಂವಂದಲ್ಲ, ಸಣ್ಣಾಕಿದು" ಅಂತಿದ್ಲು, ನಾ ಆ ಕೂಸು ಹುಟ್ಟಿದ ವರ್ಷ ನೋಡಿ ಬರಕೊಳ್ತಿದ್ದೆ.

ಕಡೀಕ 143 ಪದಾ ಆದ್ವು. ಈಗ ಸಿಡಿ ಯಾರ ಕೇಳ್ತಾರ, ಭಜನಿಯವರ ಸ್ಪೀಕರಿಗೆ ಪೆನ್‌ಡ್ರೈವ್ ನಡೀತೈತಿ, ಹಿಂಗಾಗಿ ವರ್ಷಕ್ಕೊಂದು ಫೋಲ್ಡರ್ ಮಾಡಿ ಪೆನ್‌ಡ್ರೈವಿಗೆ ಹಾಕಿದೆ, ಪದಾ ಬರದ ಸಣ್ಣ ಪುಸ್ತಕ ಒಂದು, ರಟ್ಟಿನ ಡಬ್ಬಿಗೆ ಹೊರಗಿನಿಂದ ಖಣ ಅಂಟಿಸಿದೆ. ಖಣ ಕಾಕಾನ ಕೊಟ್ಟ, ತಾ ನೇಯ್ದದ್ದರಾಗ ಉಳದದ್ದು, 20 ಡಬ್ಬಿಗೆ ಸಾಕಾತು. ಡಬ್ಬಿ ಮುಂದಿನ ಫೋಟೋದಾಗ ಕಾಕಾ ಲಾಳಿ ಹಿಡಕೊಂಡ ಕುಂತಾನ, ನಗು ಅಂದ್ರ ನಗಲಿಲ್ಲ.

ಒಂದು ಕ್ಯಾಸೆಟ್ಟಿನ ಮ್ಯಾಲೆ ಯಾರೋ ಮದುವಿ ಬ್ಯಾಂಡ್ ರೆಕಾರ್ಡ್ ಮಾಡಿಬಿಟ್ಟಿದ್ರು, ಬ್ಯಾಂಡ್ ಮುಗಿದ ಮ್ಯಾಲೆ ಕಾಕಾನ ಪದದ ಕೊನೇ ನುಡಿ ಅಷ್ಟ ಉಳದೈತಿ. ಅದನ್ನೂ ಹಾಕೇನಿ, ಬ್ಯಾಂಡ್ ಸಮೇತ.