ಬಿಸಿಲ ತಾರಸಿಯಲ್ಲಿ ವೈರ್: ಗಾತ್ರಕ್ಕಿಂತ ಮೊದಲು ಪೈಪ್ ಎತ್ತಿ

ತಾರಸಿ ಮೇಲೆ ಎಸಿಗೋ ಸೋಲಾರ್ ಇನ್ವರ್ಟರ್‌ಗೋ ವೈರ್ ಎಳೆಯುವಾಗ ಲೋಡ್ ಎಷ್ಟು ಆಂಪ್ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು ಪೈಪ್ ಎಲ್ಲಿ ಕೂರುತ್ತದೆ ಎಂದು. ಯಾವ ವೈರ್ ಎಷ್ಟು ಆಂಪ್ ಹೊರುತ್ತದೆ ಎಂದು ಹೇಳುವ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ) ಕೋಷ್ಟಕದ ಆಂಪ್‌ಗಳು ಸುತ್ತಲಿನ ಗಾಳಿ 30 ಡಿಗ್ರಿ ಎಂದು ಹಿಡಿದು ಕೊಟ್ಟವು, ಗಾಳಿ ಬಿಸಿಯಾದಷ್ಟೂ ವೈರ್ ಹೊರುವುದು ಕಡಿಮೆ. ಮಟಮಟ ಮಧ್ಯಾಹ್ನ ಕಾಂಕ್ರೀಟಿಗೆ ಅಂಟಿಕೊಂಡ ಪೈಪಿನೊಳಗೆ ಆ 30 ಎಲ್ಲಿಂದ ಬರಬೇಕು?

ಅನುಮಾನ ಇದ್ದರೆ ವೈರ್ ಎಳೆಯುವ ಮುಂಚೆಯೇ ಖಾಲಿ ಪೈಪಿನೊಳಗೆ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಇಳಿಬಿಟ್ಟು ನೋಡುತ್ತೇನೆ. ದೂರದಿಂದಲೇ ಉಷ್ಣತೆ ಓದುವ ಇನ್‌ಫ್ರಾರೆಡ್ ಗನ್ ನಂಬುವುದಿಲ್ಲ. ಹೊಳೆಯುವ ಜಿಐ (ಸತು ಲೇಪಿತ ಕಬ್ಬಿಣ) ಪೈಪಿಗೆ ಹಿಡಿದರೆ ಅದು ಪೈಪಿನ ಬದಲು ಆಕಾಶದ ಪ್ರತಿಬಿಂಬವನ್ನೇ ಓದಿ ಕಡಿಮೆ ತೋರಿಸುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಪೈಪಿಗೆ ಕಪ್ಪು ಟೇಪ್ ಸುತ್ತಿ, ಟೇಪ್ ಕಾದ ಮೇಲೆ ಅದರ ಮೇಲೆ ಅಳೆಯಬೇಕು.

ಅಳತೆಯೇ ಸಾಧ್ಯವಿಲ್ಲದಾಗ ಅಮೆರಿಕದ ವೈರಿಂಗ್ ನಿಯಮಗಳಾದ ಎನ್‌ಇಸಿ ಸಂಹಿತೆಯ ಲೆಕ್ಕ ಹಿಡಿಯುತ್ತೇನೆ. 2017ರ ಆವೃತ್ತಿಯಲ್ಲಿ ಅವರು ಅದನ್ನು ಸರಳ ಮಾಡಿದರು: ಪೈಪಿನ ತಳ ತಾರಸಿಯಿಂದ 23 ಮಿ.ಮೀ.ಗಿಂತ ಕಡಿಮೆ ಎತ್ತರದಲ್ಲಿದ್ದರೆ ಹೊರಗಿನ ಉಷ್ಣತೆಗೆ 33 ಡಿಗ್ರಿ ಸೇರಿಸಿ. ಹೊರಗೆ 40 ಇದ್ದರೆ ಪೈಪಿನೊಳಗೆ 73.

ಇನ್ನು ನಾನು ಮಾಡಿದ ಒಂದು ಲೆಕ್ಕ. 20 ಆಂಪ್ ಬ್ರೇಕರ್, ಒಂದೇ ಪೈಪಿನಲ್ಲಿ ಎರಡು ಸಿಂಗಲ್ ಫೇಸ್ ಸರ್ಕ್ಯೂಟ್, 90 ಡಿಗ್ರಿ ತಡೆಯುವ ಎಕ್ಸ್‌ಎಲ್‌ಪಿಇ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ವೈರ್. ಐಇಸಿ ಕೋಷ್ಟಕದಲ್ಲಿ 73ರ ಸಾಲು ಇಲ್ಲ, 75ರ ಗುಣಾಂಕವನ್ನೇ ಹಿಡಿದೆ: 0.50, ಅಂದರೆ ಕೋಷ್ಟಕದ ಆಂಪ್‌ನ ಅರ್ಧ. ಎರಡು ಸರ್ಕ್ಯೂಟ್ ಜೊತೆಗಿರುವುದಕ್ಕೆ ಮತ್ತೆ 0.80ರಿಂದ ಗುಣಿಸಬೇಕು. 4 ಚದರ ಮಿ.ಮೀ. ವೈರಿನ 42 ಆಂಪ್ ಇಳಿದು 16.8 ಆಯಿತು, ಸಾಲದು. 6 ಚದರದ 54 ಇಳಿದು 21.6, ಹೇಗೋ ದಾಟಿತು. ಅದೇ ಪೈಪನ್ನು ಬ್ರಾಕೆಟ್ ಮೇಲೆ ಎತ್ತಿದರೆ ಆ 33 ಸೇರುವುದಿಲ್ಲ, 40 ಡಿಗ್ರಿಯ ಗುಣಾಂಕ 0.91, ಆಗ 2.5 ಚದರವೇ 22.6 ಆಂಪ್ ಹೊರುತ್ತದೆ! ತಾಮ್ರಕ್ಕೆ ಸುರಿಯುವ ದುಡ್ಡಿನ ಮುಂದೆ ಬ್ರಾಕೆಟ್ ಯಾವ ಲೆಕ್ಕ?

ಆದರೂ ನಾನು 4 ಚದರವೇ ಹಾಕಿದೆ. ಎತ್ತಿದ ಪೈಪಿಗೂ ನೇರ ಬಿಸಿಲು ಬಡಿಯುವುದು ತಪ್ಪುವುದಿಲ್ಲ. ವೈರ್ ಹೋಗುವ ದೂರವೂ ಹೆಚ್ಚಿತ್ತು. 20 ಡಿಗ್ರಿಯಿಂದ 70ಕ್ಕೆ ಹೋದರೆ ತಾಮ್ರದ ರೋಧ ಹತ್ತಿರ ಹತ್ತಿರ ಶೇ. 20ರಷ್ಟು ಏರುತ್ತದೆ, ವೋಲ್ಟೇಜ್ ಡ್ರಾಪ್ (ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್) ಕೂಡ ಅಷ್ಟೇ ಏರುತ್ತದೆ.

ಸಾಮಾನ್ಯ ಪಿವಿಸಿ ವೈರನ್ನೇ ದಪ್ಪ ಹಾಕಿದರಾಯಿತಲ್ಲ ಅನ್ನುವವರಿದ್ದಾರೆ. ಅದರ ಮಿತಿಯೇ 70 ಡಿಗ್ರಿ. 73ರ ಗಾಳಿಯಲ್ಲಿ ಕರೆಂಟ್ ಹರಿಯುವ ಮುಂಚೆಯೇ ಅದರ ಕಥೆ ಮುಗಿದಿರುತ್ತದೆ, ಎಷ್ಟು ದಪ್ಪ ಹಾಕಿದರೂ ಅಷ್ಟೇ.

ವೈರ್ 90 ತಡೆದರೂ ಅದನ್ನು ಕಟ್ಟುವ ಟರ್ಮಿನಲ್ ಬಹಳ ಕಡೆ 70 ಅಥವಾ 75ಕ್ಕೇ ನಿಲ್ಲುತ್ತದೆ. ಕೊನೆಗೆ ಆ ಮಿತಿಯಲ್ಲೂ ಲೆಕ್ಕ ಕೂರುತ್ತದಾ ಎಂದು ನೋಡಲೇಬೇಕು. ಎಂಸಿಬಿಯ, ಅಂದರೆ ಬ್ರೇಕರ್‌ನ, ಕಥೆಯೂ ಹಾಗೇ. ಅದರ ಆಂಪ್ ಕೂಡ 30 ಡಿಗ್ರಿ ಲೆಕ್ಕದ್ದು, ಬಿಸಿಲಿಗೆ ಕಾದ ಡಬ್ಬಿಯೊಳಗೆ ಹೇಳಿದ್ದಕ್ಕಿಂತ ಕಡಿಮೆ ಆಂಪ್‌ಗೇ ಟ್ರಿಪ್ ಆಗುತ್ತದೆ. ಹಾಗಾಗಿ ಡಬ್ಬಿಗೆ ನೆರಳಿನ ಗೋಡೆ ಹುಡುಕಿಯೇ ಪೈಪಿನ ದಾರಿ ಗುರುತು ಮಾಡುತ್ತೇನೆ.