ಒಂಬತ್ತು ಅಂಕಿಯ ಸಂಖ್ಯೆಯನ್ನು ಕೈಲೆಕ್ಕದಲ್ಲೇ ಒಡೆದದ್ದು

53,68,70,911 ಅವಿಭಾಜ್ಯವೇ? 2ರ 29ನೇ ಘಾತದಲ್ಲಿ 1 ಕಳೆದರೆ ಈ ಸಂಖ್ಯೆ ಬರುತ್ತದೆ. ಕ್ಯಾಲ್ಕುಲೇಟರ್ ಮುಟ್ಟದೆ ಇದರ ಅಪವರ್ತನ ಕಂಡುಹಿಡಿಯಬಹುದು. ನಾವು ಮಾಡಿದ್ದು ಹೀಗೆ.

ನಮ್ಮ ಮನೆ ಭಾಗಮಂಡಲದ ಕಡೆ. ಜುಲೈ ಮಳೆ ಹಿಡಿದರೆ ಕರೆಂಟೂ ಇಲ್ಲ, ತೋಟಕ್ಕೆ ಇಳಿಯುವುದೂ ಇಲ್ಲ. ಆಗ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ನಾನೂ ಮಗಳೂ ಸಂಖ್ಯೆಗಳ ಹಿಂದೆ ಬೀಳುತ್ತೇವೆ. 2ರ 2, 3, 5, 7ನೇ ಘಾತಗಳಲ್ಲಿ 1 ಕಳೆದರೆ ಬರುವ 3, 7, 31, 127 ಎಲ್ಲ ನೋಡಿ ಅವಳು, "ಅಪ್ಪ, ಘಾತ ಅವಿಭಾಜ್ಯವಾದರೆ ಉತ್ತರಾನೂ ಅವಿಭಾಜ್ಯ ಅಲ್ವಾ?" ಅಂದಳು. 11ನೇ ಘಾತದಲ್ಲೇ ಅದು ಸುಳ್ಳಾಗುತ್ತದೆ, 2047 ಅಂದರೆ 23 × 89. 29ನ್ನು ಹಿಡಿದದ್ದು ಅದರ ಚೆಂದಕ್ಕೆ: 1 ಕಳೆಯುವ ಮೊದಲಿನ 53,68,70,912ರಲ್ಲಿ ಒಂಬತ್ತೂ ಅಂಕಿ ಬೇರೆಬೇರೆ, 4 ಮಾತ್ರ ಇಲ್ಲ.

ಸುಮ್ನೆ 3, 5, 7 ಅಂತ ಭಾಗಿಸುತ್ತಾ ಹೋದರೆ ಪುಸ್ತಕವೇ ಮುಗಿಯುತ್ತದೆ. ಮೊದಲು ಕೇಳಬೇಕಾದದ್ದು, ಭಾಗಿಸುವ ಸಂಖ್ಯೆ ಹೇಗಿರಬೇಕು ಅಂತ. ಇಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾನ ಪ್ರಮೇಯ ಕೈ ಹಿಡಿಯುತ್ತದೆ. ನಮ್ಮ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯದಲ್ಲಿ 1 ಕಳೆದರೆ ಉಳಿದದ್ದು 29ರಿಂದ ಭಾಗವಾಗಲೇಬೇಕು. ಅದು ಸಮಸಂಖ್ಯೆಯೂ ಹೌದು, ಹಾಗಾಗಿ 58ರಿಂದಲೂ ಭಾಗವಾಗುತ್ತದೆ. ಜೊತೆಗೆ ಇನ್ನೊಂದು ಜರಡಿ: ಆ ಅವಿಭಾಜ್ಯವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು.

ಈಗ ನೋಡಿ. 59ನ್ನು 8ರಿಂದ ಭಾಗಿಸಿದರೆ ಶೇಷ 3, ಹೋಯಿತು. 117, 175 ಅವಿಭಾಜ್ಯಗಳೇ ಅಲ್ಲ. ಮುಂದಿನದು 233. ಉದ್ದ ಭಾಗಾಕಾರವೂ ಬೇಡ, ಶೇಷ ಹಿಡಿದು ಹೋದರೆ ಸಾಕು. 2ರ 8ನೇ ಘಾತ 256, 233 ಕಳೆದರೆ 23. ಅದರ ವರ್ಗ 529, ಶೇಷ 63, ಇದು 16ನೇ ಘಾತದ್ದು. 63ನ್ನು 23ರಿಂದ ಗುಣಿಸಿದರೆ 1449, ಶೇಷ 51, ಇದು 24ನೆಯದು. ಇನ್ನು ಐದು ಘಾತ ಬಾಕಿ, 51 × 32 ಅಂದರೆ 1632. 233ರ ಏಳರಷ್ಟು 1631. ಶೇಷ 1! ಅಂದರೆ 1 ಕಳೆದ ನಮ್ಮ ಸಂಖ್ಯೆ 233ರಿಂದ ಸರಿಯಾಗಿ ಭಾಗವಾಗುತ್ತದೆ. ಮಗಳು ಪೆನ್ಸಿಲ್ ಬಿಟ್ಟು ಎದ್ದೇ ನಿಂತಳು.

ಭಾಗಿಸಿದರೆ ಭಾಗಲಬ್ಧ 23,04,167 ಬಂತು. ಇದರ ವರ್ಗಮೂಲ 1518ಕ್ಕಿಂತ ಸ್ವಲ್ಪ ಕಡಿಮೆ. ಅದೇ ಜರಡಿ ಮತ್ತೆ ಹಿಡಿದೆವು. 233 ಇನ್ನೊಮ್ಮೆ ಭಾಗಿಸಲಿಲ್ಲ, ಶೇಷ 30. 407, 697, 871 ತಾವೇ ಒಡೆಯುವ ಸಂಖ್ಯೆಗಳು. 929ಕ್ಕೆ ಶೇಷ 247. ನಂತರದ 1103 ಸರಿಯಾಗಿ ಕೂತಿತು, ಭಾಗಲಬ್ಧ 2089. ಇದು ಮತ್ತೆ ಒಡೆಯುತ್ತದಾ ಅಂತ ಬೇರೆ ಪರೀಕ್ಷೆ ಬೇಕಿಲ್ಲ. ಒಡೆಯುವುದಾದರೆ 46ರೊಳಗೆ ಒಂದು ಅವಿಭಾಜ್ಯ ಸಿಗಬೇಕು, ನಮ್ಮ ಜಾತಿಯದು 59ಕ್ಕಿಂತ ಕೆಳಗೆ ಇಲ್ಲವೇ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಈ ಜಾಗ.

53,68,70,911 = 233 × 1103 × 2089.

ಈಗ 31ನೇ ಘಾತಕ್ಕೆ ಕೈ ಹಾಕಿದ್ದೇವೆ. ಅದರಲ್ಲಿ 1 ಕಳೆದರೆ ಬರುವುದು ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ 1772ರಲ್ಲೇ ತೋರಿಸಿದ, ಆದರೆ ನಮ್ಮ ಕೈಯಲ್ಲೇ ನೋಡಬೇಕು. ಅಲ್ಲಿ 58ರ ಬದಲು 62, ಮೊದಲು ಪರೀಕ್ಷಿಸಬೇಕಾದದ್ದು 311, ಹೋಗಬೇಕಾದದ್ದು 46,340ರವರೆಗೆ.