104 ಗಂಟೆ, ಒಂದು ನೋಟ್‌ಬುಕ್: ಡ್ರ್ಯಾಗನ್ ಕ್ವೆಸ್ಟ್ 11 ಆಡಿದ ನನ್ನ ಅನುಭವ

“ಅಣ್ಣ, ಮೂರನೇ ಭಾಗ ಆಡಬೇಡ. ಆ ಖಳನಾಯಕ ಮಾರ್ಡೆಗಾನ್ ಸತ್ತನಲ್ಲ, ಅಲ್ಲಿಗೆ ಆಟ ಮುಗೀತು ಅಂದ್ಕೋ” ಅಂದಿದ್ದ ತಮ್ಮ. ಅಕ್ಕನ ಮಗಳು ಹೇಳಿದ್ದು ಪೂರ್ತಿ ಉಲ್ಟಾ. “ಮಾಮ, ಮೂರನೇದು ಆಡ್ದೇ ಇದ್ರೆ ನೀವು ಈ ಆಟ ಆಡೇ ಇಲ್ಲ ಅಂತ ಅರ್ಥ.” ಇಬ್ಬರೂ ನನಗಿಂತ ಮೊದಲೇ ಆಡಿದವರು, ಇಬ್ಬರಿಗೂ ಈ ಆಟ ಅಂದ್ರೆ ಪ್ರಾಣ. ಇವರಿಬ್ಬರ ನಡುವೆ ಸಿಕ್ಕಿಕೊಂಡು ಎಂಟು ತಿಂಗಳು ಡ್ರ್ಯಾಗನ್ ಕ್ವೆಸ್ಟ್ 11 ಅನ್ನೋ, ಮೂರು ಭಾಗಗಳಲ್ಲಿ ಕಥೆ ಹೇಳುವ ವಿಡಿಯೊ ಗೇಮ್ ಆಡಿದೆ. ಹೇಗೆ ಆಡಿದೆ, ಯಾವ ಹೊತ್ತಿಗೆ ನನ್ನ ಅಭಿಪ್ರಾಯ ಏನಿತ್ತು ಅನ್ನೋದನ್ನ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡ್ರ್ಯಾಗನ್ ಕ್ವೆಸ್ಟ್ ಸರಣಿಯ ಮೊದಲ ಆಟ ಜಪಾನಿನಲ್ಲಿ ಬಂದದ್ದು 1986ರಲ್ಲಿ. ಯೂಜಿ ಹೊರಿಯಿ ಹುಟ್ಟುಹಾಕಿದ ಸರಣಿ. ಚಿತ್ರ ಅಕಿರಾ ತೋರಿಯಾಮ ಅವರದು, ಸಂಗೀತ ಕೋಯಿಚಿ ಸುಗಿಯಾಮ ಅವರದು. ಸುಗಿಯಾಮ 2021ರಲ್ಲಿ, ತೋರಿಯಾಮ 2024ರಲ್ಲಿ ತೀರಿಕೊಂಡರು. ಹನ್ನೊಂದನೇ ಆಟ ಜಪಾನಿನಲ್ಲಿ 2017ರಲ್ಲಿ ಬಂತು. ಅದನ್ನೇ ತಿದ್ದಿ, ಜಾಸ್ತಿ ಕಥೆ ಸೇರಿಸಿ ಮಾಡಿದ ‘ಎಸ್’ ಆವೃತ್ತಿ 2020ರ ಡಿಸೆಂಬರಿನಲ್ಲಿ ಕಂಪ್ಯೂಟರಿಗೂ ಬಂತು. ನಾನು ಆಡಿದ್ದು ಅದು.

ನನ್ನದು ಔಷಧಿ ಅಂಗಡಿ. ಶಟರ್ ಎಳೆಯುವಾಗ ರಾತ್ರಿ ಒಂಬತ್ತೂವರೆ. ಊಟ ಮುಗಿದು ಮಗಳು ಮಲಗಿದ ಮೇಲೆ ನನಗೆ ಸಿಗುವುದು ಮುಕ್ಕಾಲು ಗಂಟೆ, ಅಷ್ಟೇ. ನೂರು ಗಂಟೆಯ ಆಟವನ್ನು ದಿನಕ್ಕೆ ಮುಕ್ಕಾಲು ಗಂಟೆಯಂತೆ ಆಡೋದು ಹೇಗೆ? ಮೊದಲು ಉಚಿತ ಡೆಮೊ ಇಳಿಸಿಕೊಂಡೆ. ಹತ್ತು ಗಂಟೆಯಷ್ಟು ಆಟ ಅದರಲ್ಲೇ ಇದೆ. ಆಮೇಲೆ ಪೂರ್ತಿ ಆಟ ಕೊಂಡರೆ ಡೆಮೊದಲ್ಲಿ ಆಡಿದ್ದು ದಂಡವಾಗುವುದಿಲ್ಲ, ಅಲ್ಲಿಂದಲೇ ಮುಂದುವರಿಯಬಹುದು. ಇಷ್ಟವಾಗುತ್ತೋ ಇಲ್ಲವೋ ಅನ್ನುವವರು ಹೀಗೇ ಶುರು ಮಾಡಿ.

ಎರಡನೇ ಕೆಲಸ, ಇನ್ನೂರು ಪುಟದ ಒಂದು ರೂಲ್ಡ್ ನೋಟ್‌ಬುಕ್ ತಂದೆ. ಪ್ರತಿ ರಾತ್ರಿ ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ನಾಲ್ಕು ಸಾಲು. ಈಗ ಎಲ್ಲಿದ್ದೇನೆ, ನಾಳೆ ಎಲ್ಲಿಗೆ ಹೋಗಬೇಕು, ಯಾವ ಸಾಮಾನು ಬೇಕು, ಇವತ್ತು ಏನನ್ನಿಸಿತು. ಆಟವೇ ಪ್ರತಿ ಸಲ ತೆರೆದಾಗ ಕಥೆ ಇಲ್ಲಿಯವರೆಗೆ ಏನಾಯಿತು ಅಂತ ಹೇಳುತ್ತದೆ. ನಮ್ಮಂಥ ಬಿಡುವಿಲ್ಲದವರಿಗೆ ಅದು ದೊಡ್ಡ ಉಪಕಾರ. ಆದರೆ ನನಗೆ ಏನನ್ನಿಸಿತು ಅನ್ನೋದನ್ನ ಆಟ ನೆನಪಿಟ್ಟುಕೊಳ್ಳಲ್ಲವಲ್ಲ. ಆ ನಾಲ್ಕನೇ ಸಾಲಿನಿಂದಲೇ ಇವತ್ತು ಇಷ್ಟು ಬರೆಯೋಕೆ ಆಗುತ್ತಿರುವುದು.

ಮೊದಲ ವಾರದ ಪುಟ ಈಗ ನೋಡಿದರೆ ಹೀಗಿದೆ: “ಕಥೆ ಎಲ್ಲೋ ಕೇಳಿದ್ದೇ. ಹಳ್ಳಿ ಹುಡುಗ, ವಿಧಿ, ಕೆಟ್ಟ ರಾಜ. ಹುಡುಗ ಬಾಯಿಯೇ ಬಿಡಲ್ಲ.” ಹತ್ತು ಗಂಟೆಯೊಳಗೆ ಆಟ ಬಿಟ್ಟ ಗೆಳೆಯರು ನನಗೂ ಇದ್ದಾರೆ, ಅವರ ದೂರೂ ಇದೇ. ಕಾದಾಟ ಸರದಿಯ ಮೇಲೆ ನಡೆಯುತ್ತದೆ. ನಾನೊಂದು ಏಟು, ಅವನೊಂದು ಏಟು, ಚೌಕಾಬಾರ ಆಡಿದ ಹಾಗೆ. ಕೈ ಚುರುಕಾಗಿರಬೇಕಿಲ್ಲ, ತಲೆ ನಿಧಾನವಾಗಿ ಓಡಿದರೆ ಸಾಕು. ದಿನವಿಡೀ ಕೌಂಟರಿನಲ್ಲಿ ನಿಂತು ಬಂದವನಿಗೆ ಇದಕ್ಕಿಂತ ಹಿತವಾದ ಆಟ ಇಲ್ಲ. ನಿಧಾನ ಅನ್ನಿಸುವವರು ಸೆಟ್ಟಿಂಗ್ಸ್‌ನಲ್ಲಿ ಕಾದಾಟದ ವೇಗ ಜಾಸ್ತಿ ಮಾಡಿಕೊಳ್ಳಬಹುದು. ಸಂಗೀತದ ಬಗ್ಗೆ ಒಂದು ದೂರನ್ನು ಮಾತ್ರ ನಾನೂ ಒಪ್ಪುತ್ತೇನೆ. ಬಯಲಿನಲ್ಲಿ ಓಡಾಡುವಾಗ ಅದೇ ಮಟ್ಟು ಮತ್ತೆ ಮತ್ತೆ ಬರುತ್ತದೆ. ಎಸ್ ಆವೃತ್ತಿಯಲ್ಲಿ ಅದನ್ನು ವಾದ್ಯವೃಂದ ನುಡಿಸಿದೆ, ಬೇಕಾದರೆ ಎಂಟನೇ ಆಟದ ಸಂಗೀತಕ್ಕೆ ಬದಲಿಸಿಕೊಳ್ಳಲೂ ಬಹುದು. ನಾನು ಮೂವತ್ತನೇ ಗಂಟೆಯಲ್ಲಿ ಬದಲಿಸಿಕೊಂಡೆ.

ಇನ್ನೊಂದು ಸಂಗತಿಯನ್ನು ಮನಸಾರೆ ಹೇಳಬೇಕು. ಮಾತು ಜಪಾನಿಯಲ್ಲಿ, ಅಕ್ಷರ ಇಂಗ್ಲಿಷಿನಲ್ಲಿ ಇಟ್ಟುಕೊಂಡು ಆಡಿ. ಹೆಸರುಗಳೇ ಬೇರೆ ಬೇರೆ ಇವೆ. ನಾಯಕನ ಜೊತೆಗಾರರಲ್ಲಿ ಇಂಗ್ಲಿಷಿನ ಎರಿಕ್ ಜಪಾನಿಯಲ್ಲಿ ಕಮ್ಯು, ಸೆರೆನಾ ಅಲ್ಲಿ ಸೆನ್ಯಾ. ಎರಡು ದಿನ ಗೊಂದಲ, ಆಮೇಲೆ ರೂಢಿಯಾಗುತ್ತೆ. ಸೆರೆನಾ, ವೆರೋನಿಕಾ ಅವಳಿ ಅಕ್ಕತಂಗಿಯರು. ತಂಗಿ ಸೆರೆನಾ ಪ್ರತಿ ಸಲವೂ “ಒನೇಸಾಮ” ಅಂತ ಕರೆಯುತ್ತಾಳೆ. ಅಂದ್ರೆ ಅಕ್ಕ, ಅದೂ ತುಂಬ ಗೌರವದಿಂದ. ಆ ಒಂದು ಕರೆ ಕಿವಿಗೆ ಬಿದ್ದ ಮೇಲೆ ಅವರಿಬ್ಬರ ನಂಟು ನಮ್ಮ ಮನೆಯದೇ ಆಯಿತು. ಹಾಗಂತ ಇಂಗ್ಲಿಷ್ ಅನುವಾದ ಕಳಪೆ ಅಲ್ಲ. ಬಿಸಿನೀರಿನ ಬುಗ್ಗೆಗಳ ಹೊಟ್ಟೊ ಊರಿನಲ್ಲಿ ಜನ ಮಾತಾಡುವುದೇ ಜಪಾನಿನ ಮೂರು ಸಾಲಿನ ಪದ್ಯ ಹಾಯ್ಕುವಿನಲ್ಲಿ. ಐದು, ಏಳು, ಐದು. ಶಾಲೆಯಲ್ಲಿ ಲಘು ಗುರು ಎಣಿಸಿದ ಹಾಗೆ ಬೆರಳು ಮಡಚಿ ಎಣಿಸುತ್ತಾ ಕೂತಿದ್ದೆ. ಒಬ್ಬ ಅಂಗಡಿಯವನ ಮಾತನ್ನೂ ಬಿಡಲಿಲ್ಲ.

ಇಲ್ಲಿಂದ ಮುಂದೆ ಕಥೆ ಬಿಚ್ಚಿಡುತ್ತೇನೆ. ಆಡುವ ಮನಸ್ಸಿರುವವರು ಇಲ್ಲೇ ನಿಲ್ಲಿಸಿ, ಆಡಿ ಬಂದು ಓದಿ.

ನನ್ನ ಮೊದಲ ಅಭಿಪ್ರಾಯ ಕದಲಿದ್ದು ಲೋನಲುಲು ಅನ್ನುವ ಮೀನುಗಾರರ ಊರಿನಲ್ಲಿ. ಮಿಶೆಲ್ ಅನ್ನುವ ಮತ್ಸ್ಯಕನ್ಯೆ ಕೈ ಅನ್ನುವ ಮೀನುಗಾರನಿಗಾಗಿ ಕಾಯುತ್ತಿದ್ದಾಳೆ. ಅವಳ ಲೆಕ್ಕದಲ್ಲಿ ಅದೇನು ಬಹಳ ದಿನ ಅಲ್ಲ. ಊರಿಗೆ ಹೋಗಿ ಕೇಳಿದರೆ ಕೈ ಎಂದೋ ಸತ್ತಿದ್ದಾನೆ, ಅವನ ಮೊಮ್ಮಗ ಈಗ ದೊಡ್ಡವನು. ನೀವು ವಾಪಸು ಬಂದು ಅವಳ ಮುಂದೆ ನಿಲ್ಲುತ್ತೀರಿ. ಆಟ ಕೇಳುತ್ತದೆ: ನಿಜ ಹೇಳುತ್ತೀರಾ, ಸುಳ್ಳು ಹೇಳುತ್ತೀರಾ?

ಆ ರಾತ್ರಿ ನಾನು ಉತ್ತರ ಕೊಡಲಿಲ್ಲ. ಲ್ಯಾಪ್‌ಟಾಪ್ ಹಾಗೇ ಮುಚ್ಚಿ ಮಲಗಿದೆ. ಮರುದಿನ ಅಂಗಡಿಯಲ್ಲಿ ಬಿಲ್ ಹಾಕುವಾಗಲೂ ಅದೇ ಯೋಚನೆ. ರಾತ್ರಿ ಬಂದು ನಿಜ ಹೇಳಿದೆ. ಅವಳು ದಡಕ್ಕೆ ಕರೆದುಕೊಂಡು ಹೋಗಿ ಅಂದಳು. ಅವನ ಸಮಾಧಿಯ ಹತ್ತಿರ ಹೋದಳು, ಮತ್ತೆ ಸಮುದ್ರಕ್ಕೆ ನಡೆದಳು. ನೀರಲ್ಲಿ ನೊರೆಯಾಗಿ ಕರಗಿ ಹೋದಳು. ತಮ್ಮನೂ ನಿಜವೇ ಹೇಳಿದ್ದನಂತೆ. ಅಕ್ಕನ ಮಗಳು ಸುಳ್ಳು ಹೇಳಿದ್ದಳು. “ಅವಳು ಕಾಯ್ತಾ ಇರ್ಲಿ ಮಾಮ, ಕಾಯೋದ್ರಲ್ಲಿ ಅವಳಿಗೆ ಖುಷಿ ಇತ್ತು” ಅಂದಳು. ಸುಳ್ಳು ಹೇಳಿದರೆ ಮಿಶೆಲ್ ಅಲ್ಲೇ ಕೂತು ಕಾಯುತ್ತಲೇ ಇರುತ್ತಾಳೆ. ಯಾವುದು ಸರಿ ಅಂತ ಆಟ ತೀರ್ಪು ಕೊಡುವುದಿಲ್ಲ. ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು: “ಗೊತ್ತಿರೋ ಕಥೆ ಅಂದಿದ್ದೆ, ತಪ್ಪು.”

ನಡುವೆ ಇಡೀ ವಾರಗಟ್ಟಲೆ ನಾನು ಕಥೆ ಬಿಟ್ಟು ಕುಲುಮೆಯ ಮುಂದೆ ಕೂತಿದ್ದೂ ಉಂಟು. ಈ ಆಟದಲ್ಲಿ ಜೊತೆಗೇ ಒಯ್ಯುವ ಒಂದು ಪುಟ್ಟ ಕುಲುಮೆ ಇದೆ. ಕಾಡಿನಲ್ಲಿ ಬೆಂಕಿ ಹಾಕಿ ಬೀಡು ಬಿಟ್ಟಾಗ ಅದನ್ನು ತೆಗೆದು ಕತ್ತಿ, ಗುರಾಣಿ ಮಾಡಬಹುದು. ಕಾದ ಲೋಹ ಚೌಕಗಳಾಗಿ ಕಾಣುತ್ತದೆ. ಪ್ರತಿ ಚೌಕದ ಮೇಲೂ ಒಂದು ಪಟ್ಟಿ, ಅದರಲ್ಲಿ ಒಂದಷ್ಟು ಜಾಗ ಹಸಿರು. ಸುತ್ತಿಗೆ ಏಟು ಆ ಹಸಿರಿನೊಳಗೆ ನಿಲ್ಲಬೇಕು, ದಾಟಿದರೆ ಕೆಟ್ಟಿತು. ಹೊತ್ತು ಹೋದಂತೆ ಲೋಹ ಆರುತ್ತದೆ, ಏಟಿನ ಬಲ ಇಳಿಯುತ್ತದೆ. ಅದಕ್ಕೆ ನಾನು ಕಲಿತ ಉಪಾಯ ಇದು: ಬಿಸಿ ಇರುವಾಗಲೇ ದೊಡ್ಡ ಪಟ್ಟಿಗಳಿಗೆ ಜೋರು ಏಟು, ಆರುತ್ತಾ ಬಂದಾಗ ಸಣ್ಣ ಏಟುಗಳಿಂದ ಕೊನೆಯ ಸರಿಪಡಿಕೆ. ಹಸಿರಿನ ನಡುವೆ ಸರಿಯಾಗಿ ಕೂತರೆ ಆಯುಧದ ಹೆಸರಿನ ಮುಂದೆ ‘+3’ ಬೀಳುತ್ತದೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಕತ್ತಿಗೂ ಕೈಯಾರೆ ಬಡಿದ ಕತ್ತಿಗೂ ಇರುವ ವ್ಯತ್ಯಾಸ ಮುಂದಿನ ಕಾದಾಟದಲ್ಲೇ ಕಾಣುತ್ತದೆ. ಅಕ್ಕನ ಮಗಳು ಕುಲುಮೆಯನ್ನು ಮುಟ್ಟೇ ಇಲ್ಲ. ನನಗಂತೂ ಅರ್ಧ ಆಟದ ಸುಖ ಅದರಲ್ಲೇ ಸಿಕ್ಕಿತು.

ಎರಡನೇ ಭಾಗದಲ್ಲಿ ಲೋಕ ಮುರಿದು ಬಿದ್ದಿರುತ್ತದೆ. ಜೀವಗಳಿಗೆಲ್ಲ ಮೂಲವಾದ ಮಹಾವೃಕ್ಷ ಕುಸಿದಿದೆ, ಗೆಳೆಯರು ದಿಕ್ಕಾಪಾಲಾಗಿದ್ದಾರೆ. ಒಬ್ಬೊಬ್ಬರನ್ನೇ ಹುಡುಕುತ್ತಾ ಹೋಗಬೇಕು. ಎರಿಕ್‌ಗೆ ನೆನಪೇ ಹೋಗಿದೆ. ಸರ್ಕಸ್ಸಿನ ಸಿಲ್ವಾಂಡೋ ಅಳುವ ಊರುಗಳಲ್ಲಿ ಮೆರವಣಿಗೆ ಕಟ್ಟಿಕೊಂಡು ಜನರನ್ನು ನಗಿಸುತ್ತಿದ್ದಾನೆ. ನಮ್ಮನ್ನು ಅಟ್ಟಿಸಿಕೊಂಡು ಬಂದಿದ್ದ ಹೆಂಡ್ರಿಕ್ ಈಗ ನಮ್ಮ ಪಕ್ಕದಲ್ಲಿ ನಿಂತಿದ್ದಾನೆ. ವೆರೋನಿಕಾ ಒಬ್ಬಳು ಮಾತ್ರ ಸಿಗುವುದಿಲ್ಲ.

ಅರ್ಬೋರಿಯಾ ಆ ಅಕ್ಕತಂಗಿಯರ ಹುಟ್ಟೂರು. ಅಲ್ಲಿ ಒಂದು ಮರಕ್ಕೊರಗಿ, ಕೋಲು ಹಿಡಿದು, ನಿದ್ದೆ ಮಾಡುವವಳ ಹಾಗೆ ಕೂತಿರುತ್ತಾಳೆ. ಮುಟ್ಟಿದರೆ ಬೆಳಕಾಗಿ ಕರಗುತ್ತಾಳೆ. ಮರ ಬೀಳುವ ಗಳಿಗೆಯಲ್ಲಿ ತನ್ನ ಶಕ್ತಿಯನ್ನೆಲ್ಲ ಸುರಿದು ಉಳಿದವರನ್ನು ಪಾರು ಮಾಡಿದವಳು ಅವಳೇ ಅಂತ ಆಗ ಗೊತ್ತಾಗುತ್ತದೆ. ತಂಗಿ ಕಾಡಿನಲ್ಲಿ ಒಬ್ಬಳೇ ಕೂತು ವೀಣೆಯಂಥ ವಾದ್ಯ ನುಡಿಸುತ್ತಾಳೆ. ತನ್ನ ಉದ್ದ ಕೂದಲನ್ನು ಕತ್ತರಿಸಿಕೊಳ್ಳುತ್ತಾಳೆ. ಅಕ್ಕನ ಮಂತ್ರಗಳೆಲ್ಲ ತಂಗಿಯ ಕೈಗೆ ಬರುತ್ತವೆ. ಅಲ್ಲಿಯವರೆಗೆ ಎಲ್ಲದಕ್ಕೂ “ಒನೇಸಾಮ” ಅಂತ ಮುಖ ನೋಡುತ್ತಿದ್ದ ಹುಡುಗಿ ಅಲ್ಲಿಂದ ಮುಂದೆ ತಾನೇ ಮುಂದೆ ನಿಲ್ಲುತ್ತಾಳೆ. ಅವಳನ್ನೇ ಇಟ್ಟುಕೊಂಡು ನಾನು ಮಾರ್ಡೆಗಾನ್‌ನನ್ನು ಸೋಲಿಸಿದೆ. ಮುಕ್ತಾಯದ ಹೆಸರುಗಳೆಲ್ಲ ಬಂದು ಹೋದವು. ಆದರೆ ಆಟ ಅಲ್ಲಿಗೆ ನಿಲ್ಲಲಿಲ್ಲ.

ಕಳೆದ ಕಾಲದ ಗೋಪುರ ಅಂತ ಒಂದಿದೆ. ಅಲ್ಲಿ ಕಾಲ ಕಾಯುವ ಜೀವ ಒಂದು ದಾರಿ ತೋರಿಸುತ್ತದೆ. ನಾಯಕ ಒಬ್ಬನೇ ಹಿಂದಿನ ಕಾಲಕ್ಕೆ ಹೋಗಿ ವೆರೋನಿಕಾಳನ್ನು ಉಳಿಸಬಹುದು. ಆದರೆ ಈ ಕಾಲಕ್ಕೆ ಮತ್ತೆ ಬರಲಾಗುವುದಿಲ್ಲ. ಆಡುವವರು ಎರಡು ಪಂಗಡವಾಗುವುದು ಇಲ್ಲಿಯೇ. ತಮ್ಮನ ವಾದ: “ಕೂದಲು ಕತ್ತರಿಸಿಕೊಂಡ ಸೆರೆನಾಗೆ ನಾವು ಮಾಡೋ ಮೋಸ ಅದು. ಅವಳು ಪಟ್ಟ ದುಃಖ, ಬಂದ ಧೈರ್ಯ, ಎಲ್ಲಾ ಅಳಿಸಿ ಹಾಕ್ತೀವಿ.” ಅಕ್ಕನ ಮಗಳ ವಾದ ಬೇರೆ. ಆಟದ ಮೊದಲಲ್ಲೇ ನಾಯಕ ಸುಟ್ಟುಹೋದ ತನ್ನ ಹಳ್ಳಿಯಲ್ಲಿ ಹಿಂದಿನ ದಿನಗಳನ್ನು ಕಂಡು, ಸತ್ತ ಅಜ್ಜನ ಜೊತೆ ಮಾತಾಡುತ್ತಾನೆ. ಹಿಂದಕ್ಕೆ ಹೋಗೋದು ಮೊದಲಿಂದ್ಲೂ ಈ ಕಥೆಯ ಒಳಗೇ ಇತ್ತು, ಕೊನೆಗೆ ತಂದು ಅಂಟಿಸಿದ್ದಲ್ಲ ಅನ್ನುತ್ತಾಳೆ. ಇಬ್ಬರ ಮಾತಲ್ಲೂ ಹುರುಳಿದೆ.

ನಾನು ಒಂದು ತಿಂಗಳು ಆಟ ಮುಟ್ಟಲಿಲ್ಲ.

ಆ ತಿಂಗಳಲ್ಲೇ ಒಂದು ದಿನ ಒಬ್ಬರು ಅಂಗಡಿಗೆ ಬಂದರು. ಅವರ ತಾಯಿಗೆ ಎರಡು ವರ್ಷದಿಂದ ನಮ್ಮಲ್ಲೇ ಔಷಧಿ ಹೋಗುತ್ತಿತ್ತು. ಒಂದು ಬಟ್ಟೆ ಚೀಲದಿಂದ ಮಾತ್ರೆಯ ಸ್ಟ್ರಿಪ್‌ಗಳನ್ನು ತೆಗೆದು ಕೌಂಟರ್ ಮೇಲೆ ಇಟ್ಟರು. ಒಂದೂ ಒಡೆದಿರಲಿಲ್ಲ. ಹಿಂದಿನ ವಾರ ನಾನೇ ಎಣಿಸಿ ಕೊಟ್ಟಿದ್ದವು. “ಇದೆಲ್ಲ ಬೇಡವಾಯ್ತು. ವಾಪಸ್ ತಗೋತೀರಾ?” ಅಂದರು. ಆಮೇಲೆ, ನಾನು ಏನೂ ಕೇಳದಿದ್ದರೂ, “ಒಂದು ತಿಂಗಳು ಮುಂಚೆ ತೋರಿಸಿದ್ದಿದ್ರೆ…” ಅಂದು ಸುಮ್ಮನಾದರು. ಈ ಮಾತನ್ನು ಈ ಕೌಂಟರಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ದುಡ್ಡು ಎಣಿಸಿ ಕೊಟ್ಟೆ. ಅವರು ಹೋದ ಮೇಲೂ ಆ ಸ್ಟ್ರಿಪ್‌ಗಳನ್ನು ಶೆಲ್ಫಿಗೆ ಇಡೋಕೆ ಕೈ ಬರಲಿಲ್ಲ.

ಆ ರಾತ್ರಿ ಗೋಪುರಕ್ಕೆ ಹೋದೆ. ಗೆಳೆಯರು ಮೊದಲು ಬೇಡ ಅನ್ನುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಬೀಳ್ಕೊಡುತ್ತಾರೆ. ಒಂದು ಸಾಲನ್ನೂ ಬೇಗ ದಾಟಿಸದೆ ಪೂರ್ತಿ ಓದಿದೆ. ಕತ್ತಿ ಎತ್ತಿ ಹೊಡೆದೆ, ಹಿಂದಿನ ಕಾಲಕ್ಕೆ ದಾರಿ ತೆರೆಯಿತು.

ಆ ಕಡೆ ವೆರೋನಿಕಾ ಇದ್ದಳು. ತಂಗಿಯನ್ನು ಗದರುತ್ತಿದ್ದಳು. ಸೆರೆನಾಳ ಕೂದಲು ಮತ್ತೆ ಉದ್ದ. ನನಗೆ ಖುಷಿಯೂ ಆಯಿತು, ಕಸಿವಿಸಿಯೂ ಆಯಿತು. ನಾಯಕನಿಗೆ ಮಾತ್ರ ಎಲ್ಲ ನೆನಪಿದೆ, ಅವನು ಮೊದಲಿಂದಲೂ ಮಾತಾಡದವನು. ಮೊದಲ ವಾರ ದೂರು ಅಂತ ಬರೆದಿದ್ದ ಸಂಗತಿ ಇಲ್ಲಿ ಎದೆಗೆ ನಾಟಿತು. ಮೂರನೇ ಭಾಗದಲ್ಲಿ ಕೊರತೆಗಳಿವೆ. ಎರಡನೇ ಭಾಗದಲ್ಲಿ ಅಷ್ಟು ಕಷ್ಟಪಟ್ಟು ಗಳಿಸಿದ ಹೆಂಡ್ರಿಕ್‌ನ ವಿಶ್ವಾಸ ಇಲ್ಲಿ ಸುಲಭವಾಗಿ ಸಿಕ್ಕಿಬಿಡುತ್ತದೆ. ಕೊನೆಯ ಶತ್ರು ಕಲಾಸ್ಮೋಸ್ ದೊಡ್ಡವನೇ ಆದರೂ, ಮಾರ್ಡೆಗಾನ್ ಮೇಲೆ ಬಂದಷ್ಟು ಸಿಟ್ಟು ನನಗೆ ಅವನ ಮೇಲೆ ಬರಲಿಲ್ಲ. ಆದರೂ ನನ್ನ ಅಭಿಪ್ರಾಯ ಅಕ್ಕನ ಮಗಳ ಕಡೆಗೇ. ಹಿಂದಕ್ಕೆ ಹೋಗುವ ಬಾಗಿಲು ತೆರೆದಿದ್ದರೆ ಕೌಂಟರಿನ ಆಚೆ ನಿಂತ ಯಾರೂ ಹೋಗದೆ ಇರುತ್ತಿರಲಿಲ್ಲ. ಹಾಗಂತ ತಮ್ಮ ಹೇಳಿದ ಮೋಸವೂ ಸುಳ್ಳಲ್ಲ. ಅದಕ್ಕೇ ಮುಂಚೆಯೇ ಒಂದು ಕೆಲಸ ಮಾಡಿದ್ದೆ. ಗೋಪುರ ಹತ್ತುವ ಮೊದಲು ಆಟವನ್ನು ಬೇರೆ ಸ್ಲಾಟಿನಲ್ಲಿ, ಅಂದ್ರೆ ಬೇರೊಂದು ಖಾನೆಯಲ್ಲಿ, ಸೇವ್ ಮಾಡಿಟ್ಟಿದ್ದೆ. ಕೂದಲು ಕತ್ತರಿಸಿಕೊಂಡ ಸೆರೆನಾ ಅಲ್ಲಿ ಹಾಗೇ ಇದ್ದಾಳೆ. ಆಗಾಗ ಅದನ್ನು ತೆರೆದು, ಅವಳನ್ನು ಅರ್ಬೋರಿಯಾಕ್ಕೆ ಕರೆದುಕೊಂಡು ಹೋಗಿ ಸುಮ್ನೆ ಓಡಾಡಿ ಬರುತ್ತೇನೆ.

ನೋಟ್‌ಬುಕ್ಕನ್ನು ಹೋದ ತಿಂಗಳು ತಮ್ಮನಿಗೆ ಓದಲು ಕೊಟ್ಟೆ. ಏನೂ ಹೇಳಲಿಲ್ಲ, ತಿರುಗಿಸಿ ಕೊಟ್ಟ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಅವನ ಮೆಸೇಜ್ ಬಂತು. “ಅಣ್ಣ, ಗೋಪುರದ ಕೆಳಗೆ ನಿಂತಿದೀನಿ. ಬೇರೆ ಸ್ಲಾಟಲ್ಲಿ ಸೇವ್ ಮಾಡ್ಬೇಕಲ್ವಾ?”

“ಎರಡು ಸ್ಲಾಟಲ್ಲಿ ಮಾಡೋ” ಅಂತ ಬರೆದೆ.